ಆವಿ ನಿಲ್ಲದ ಕಲ್ಲು

ದಹಿಸರ್ ಸ್ಟೇಶನ್ನಿನ ಸೇತುವೆ ಹತ್ತುವಾಗ ಮೆಟ್ಟಿಲ ಅರ್ಧದಲ್ಲಿ ನಿಂತು ಮೊಬೈಲ್ ನೋಡುವ ಅಭ್ಯಾಸ ಸುಭಾಷ ಬಂಗೇರನಿಗೆ ಆ ವರ್ಷದ ಮಳೆಗಾಲದಲ್ಲಿ ಶುರುವಾಯಿತು. ಮೊಬೈಲಿನಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. ಎಷ್ಟೋ ಸಲ ಪರದೆಯಲ್ಲಿ ಬೆಳಕು ಕೂಡ ಇರುತ್ತಿರಲಿಲ್ಲ. ಉಸಿರು ಸಾಲದೆ ನಿಂತವನನ್ನು ಮುಂಬಯಿಯ ಜನ ಹಿಂದಿನಿಂದ ತಳ್ಳುತ್ತಾರೆ, ಬೈಯುತ್ತಾರೆ, ಇಲ್ಲವೇ ಕನಿಕರಪಟ್ಟು ನೀರಿನ ಬಾಟಲಿ ಚಾಚುತ್ತಾರೆ. ಮೊಬೈಲ್ ನೋಡುತ್ತ ನಿಂತವನನ್ನಾದರೆ ಏನೂ ಕೇಳದೆ ಬಳಸಿಕೊಂಡು ಹೋಗುತ್ತಾರೆ. ಇದನ್ನು ಕಂಡುಕೊಂಡದ್ದಕ್ಕೆ ಸುಭಾಷನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮನುಷ್ಯ ಎಂಥೆಂಥದಕ್ಕೆಲ್ಲ ಹೆಮ್ಮೆಪಡುತ್ತಾನೆ ನೋಡಿ.

ಮಗಳು ಯಕ್ಷಿತಾ ಅಷ್ಟರಲ್ಲಿ ಮೇಲೆ ತಲುಪಿ ಕಂಬಿ ಹಿಡಿದು ಕಾಯುತ್ತಿದ್ದಳು. ತಂದೆ ಮಗಳು ಇಬ್ಬರಿಗೂ ಗೋರೆಗಾಂವಿನ ಒಂದೇ ಕಂಪೆನಿಯಲ್ಲಿ ಕೆಲಸ, ಆದ್ದರಿಂದ ಬೆಳಿಗ್ಗೆ ಒಂದೇ ಲೋಕಲ್. ಈ ವಯಸ್ಸಿನಲ್ಲಿ ನಿಮಗೆ ಮೊಬೈಲ್ ಹುಚ್ಚು ಹಿಡಿದಿದೆ ಎಂದು ಅವಳು ಗೇಲಿ ಮಾಡುವಳು, ಅವನು ನಗುವನು. ಆ ನಗುವಿನ ಹಿಂದಿನ ಏದುಸಿರು ಸ್ಟೇಶನ್ನಿನ ಗದ್ದಲದಲ್ಲಿ ಅವಳಿಗೆ ಕೇಳಿಸುತ್ತಿರಲಿಲ್ಲ. ಆಮೇಲೆ ಅವಳು ಹೆಂಗಸರ ಡಬ್ಬಿಗೆ, ಇವನು ಗಂಡಸರ ಡಬ್ಬಿಗೆ.

ಊರಿನವರಿಗೆ ಸುಭಾಷನೆಂದರೆ ಮೊದಲಿನಿಂದಲೂ ಒಂದು ತಮಾಷೆ. ಕಟಪಾಡಿಯ ಕಡೆಯಿಂದ ಮುಂಬಯಿಗೆ ಬಂದವರು ಹೋಟೆಲಿನಲ್ಲಿರಬೇಕು, ಬಹಳ ಓದಿದರೆ ಬ್ಯಾಂಕಿನಲ್ಲಿರಬೇಕು. ಇವನೊಬ್ಬ ಗುಜರಾತಿಗಳ ನಡುವೆ ಕೂತು ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದ. ಅದು ಆದದ್ದೂ ಹೋಟೆಲಿನ ದೆಸೆಯಿಂದಲೇ. ಅವನ ಅಪ್ಪನ ಚಹಾ ಕ್ಯಾಂಟೀನು ದಹಿಸರಿನ ಒಂದು ವಜ್ರದ ಬಿಲ್ಡಿಂಗಿನ ಕೆಳಗಿತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಚಹಾದ ಗ್ಲಾಸು ಹಿಡಿದು ಮೇಲೆ ಹೋಗುತ್ತಿದ್ದವ, ಒಂದು ದಿನ ಯಾರೋ ರಜೆ ಹಾಕಿದರೆಂದು ಸಾಣೆಯ ಮುಂದೆ ಕೂತ. ಕೂತವನು ಏಳಲಿಲ್ಲ. ತಿರುಗುವ ಉಕ್ಕಿನ ಚಕ್ರ, ಅದರ ಸುತ್ತ ನಾಲ್ಕು ಜನ ಕೂರುವ ಮಣೆ, ಇದೆಲ್ಲ ಸೇರಿದ್ದಕ್ಕೆ ಅಲ್ಲಿಯ ಹೆಸರು ಘಂಟಿ. ಸುಭಾಷನ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಆ ಘಂಟಿಯ ಮುಂದೆ ಕಳೆಯಿತು.

ಮದುವೆಯ ಮಾತು ಬಂದಾಗ ಹುಡುಗ ವಜ್ರದ ಕೆಲಸದಲ್ಲಿದ್ದಾನೆ ಎಂದು ಕೇಳಿಯೇ ಶೀಲಾವತಿಯ ಮನೆಯವರು ಒಪ್ಪಿದ್ದು. ರಾವಳಪಾಡಾದ ಚಾಳಿನ ಒಂದೇ ಕೋಣೆಗೆ ಕಾಲಿಟ್ಟ ಆ ಹುಡುಗಿ ಸುತ್ತಲೂ ನೋಡಿ, ವಜ್ರ ಎಲ್ಲಿಡುತ್ತೀರಿ ಎಂದು ಕೇಳಿದಳಂತೆ. ಇದನ್ನು ಹೇಳಿಕೊಂಡು ಗಂಡಹೆಂಡಿರು ಎಷ್ಟೋ ವರ್ಷ ನಕ್ಕಿದ್ದಾರೆ. ಅವಳ ಮೂಗುತಿಗೆ ಇವತ್ತಿಗೂ ಇರುವುದು ಬಿಳಿ ಹರಳು. ಅದು ಎಂಥ ಹರಳೆಂದು ಅವಳ ಮುಖದ ಹತ್ತಿರ ಹೋಗಿ ಒಂದು ಉಸಿರು ಬಿಟ್ಟರೆ ಸುಭಾಷನಿಗೆ ಗೊತ್ತಾಗುತ್ತದೆ.

ಆ ಕಸುಬಿನ ಮೊದಲ ಪಾಠವೇ ಉಸಿರಿನದು. ಕಲ್ಲನ್ನು ಬಾಯಿಯ ಹತ್ತಿರ ತಂದು ಹಾ ಎಂದು ಬಿಸಿಯುಸಿರು ಬಿಡಬೇಕು. ಗಾಜಾದರೆ ಅದರ ಮೇಲೆ ಆವಿ ಕೂತು ನಿಧಾನಕ್ಕೆ ಆರುತ್ತದೆ. ವಜ್ರದ ಮೇಲೆ ಆವಿ ನಿಲ್ಲುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ತನಗೆ ತಾಗಿದ ಬಿಸಿಯನ್ನು ಅದು ಅಷ್ಟು ಬೇಗ ಎಲ್ಲ ಕಡೆಗೂ ಹರಿಸಿಬಿಡುತ್ತದೆ. ಸಾಣೆ ಹಿಡಿಯುವವರು ಕಲ್ಲು ಅಸಲಿಯೋ ನಕಲಿಯೋ ಎಂದು ನೋಡಲಷ್ಟೇ ಊದುವುದಿಲ್ಲ. ಗೀರು ಹೋಯಿತೇ, ಮುಖ ಸರಿಯಾಯಿತೇ ಎಂದು ನೋಡಬೇಕಾದಾಗಲೆಲ್ಲ ಊದುತ್ತಾರೆ, ಉಜ್ಜುತ್ತಾರೆ, ಮತ್ತೆ ಊದುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಪಕ್ಕದವನನ್ನು ನೋಡಿ ತಾನಾಗಿ ಬಂದುಬಿಡುತ್ತದೆ, ಅಡಿಗೆ ಮಾಡುವವರಿಗೆ ಅಂಗೈಗೆ ಹಾಕಿ ರುಚಿ ನೋಡುವುದು ಬಂದ ಹಾಗೆ.

ಆಮೇಲೆ ಆ ಧಂದೆಗೆ ಕೇಡುಗಾಲ ಬಂತು. ಗಣಿಯ ವಜ್ರವನ್ನು ಕೇಳುವವರು ಕಡಿಮೆಯಾದರು, ಯಂತ್ರದೊಳಗೆ ಬೆಳೆಸಿದ ವಜ್ರ ಬುಟ್ಟಿಗಟ್ಟಲೆ ಬಂತು, ಶೇಟು ಇದ್ದಬದ್ದ ಘಂಟಿಗಳನ್ನು ಎತ್ತಿಕೊಂಡು ಸೂರತ್ತಿಗೆ ಹೋದ. ವಜ್ರದ ಬಿಲ್ಡಿಂಗಿನಲ್ಲಿ ಈಗ ಟ್ಯೂಶನ್ ಕ್ಲಾಸು ಮತ್ತು ಜಿಮ್. ಅಪ್ಪನ ಕ್ಯಾಂಟೀನು ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ಸುಭಾಷ ಮನೆಯಲ್ಲಿ ಕೂತ. ಗಂಡಸು ಹಗಲಲ್ಲಿ ಮನೆಯಲ್ಲಿ ಕೂತರೆ ಚಾಳಿನವರೆಲ್ಲ ಅವನ ಆರೋಗ್ಯ ವಿಚಾರಿಸುತ್ತಾರೆ, ಅದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಾಗಿಲ್ಲ. ಹಾಗಿರುವಾಗ, ಗೋರೆಗಾಂವಿನಲ್ಲಿ ಯಾವುದೋ ಕಂಪೆನಿಗೆ ಹಳೆಯ ಕಾರಿಗರರು ಬೇಕಂತೆ, ಒಡವೆಯ ಕೆಲಸ ಅಲ್ಲವಂತೆ ಎಂದು ಪಕ್ಕದ ಘಂಟಿಯವನೊಬ್ಬ ಸುದ್ದಿ ತಂದ.

ಅಲ್ಲಿ ಅವನನ್ನು ಮಾತಾಡಿಸಿದವಳು ಧಾತ್ರಿ. ಮೈಸೂರಿನ ಹುಡುಗಿ, ದೊಡ್ಡ ಓದು ಓದಿದವಳು, ಆ ವಿಭಾಗಕ್ಕೆಲ್ಲ ಅವಳೇ ಮುಖ್ಯಸ್ಥೆ. ಬಂಗೇರ ಎಂಬ ಹೆಸರು ಕೇಳಿದ್ದೇ ಹಿಂದಿ ಬಿಟ್ಟು ಕನ್ನಡಕ್ಕೆ ತಿರುಗಿದಳು. ವಜ್ರವನ್ನು ಒಡವೆಯೆಂದು ಒಂದು ಸಲವೂ ನೋಡದ ಹೆಂಗಸನ್ನು ಸುಭಾಷ ಕಂಡದ್ದು ಅದೇ ಮೊದಲು. ಅವಳು ಅವನ ಮುಂದಿಟ್ಟದ್ದು ಕಂದು ಛಾಯೆಯ ಒಂದು ಚಪ್ಪಟೆ ತಗಡು. ಯಂತ್ರದೊಳಗೆ ಅನಿಲದಿಂದ ಪದರ ಪದರವಾಗಿ ಬೆಳೆದ ವಜ್ರ. ಇದನ್ನು ಕನ್ನಡಿಯ ಹಾಗೆ ನುಣ್ಣಗೆ ಮಾಡಿಕೊಡಬೇಕು ಎಂದಳು. ಇದನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಇವನು ಕೇಳಿದ. ಯಾರೂ ಹಾಕಿಕೊಳ್ಳುವುದಿಲ್ಲ ಎಂದು ಅವಳು ನಕ್ಕಳು.

ನೀವು ದಿನಾ ಬರುವ ಲೋಕಲ್ ಇದೆಯಲ್ಲ, ಅದರ ಹೊಟ್ಟೆಯ ಕೆಳಗಿನ ಪೆಟ್ಟಿಗೆಗಳಲ್ಲಿ ಸಿಲಿಕಾನಿನ ಬಿಲ್ಲೆಗಳಿವೆ ಎಂದು ಅವಳು ವಿವರಿಸಿದಳು. ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿದು ಬಿಡುವುದೇ ಅವುಗಳ ಕೆಲಸ. ಆ ಕೆಲಸದಲ್ಲಿ ಅವು ಬಿಸಿಯಾಗುತ್ತವೆ, ಬಿಸಿ ಏರಿದರೆ ಸಿಲಿಕಾನ್ ಬುದ್ಧಿ ಕಳೆದುಕೊಳ್ಳುತ್ತದೆ, ಇನ್ನೂ ಏರಿದರೆ ಸತ್ತೇ ಹೋಗುತ್ತದೆ. ಅದನ್ನು ತಂಪಾಗಿಡಲು ಫ್ಯಾನು, ನೀರು, ಎಸಿ ಎಂದು ಲೋಕವೇ ಒದ್ದಾಡುತ್ತಿದೆ. ವಜ್ರಕ್ಕೆ ಆ ಕಷ್ಟವಿಲ್ಲ. ಇವತ್ತು ಸಿಲಿಕಾನಿನ ಅಡಿಗೆ ವಜ್ರದ ಹಾಸು ಹಾಕಿ ಬಿಸಿಯನ್ನು ಹೊರಗೆ ಕಳಿಸೋಣ, ಮುಂದೊಂದು ದಿನ ಸಿಲಿಕಾನಿನ ಜಾಗದಲ್ಲೇ ವಜ್ರ ಕೂರುತ್ತದೆ ಎಂದಳು. ಸುಭಾಷ ತಲೆಯಾಡಿಸುತ್ತ ಆ ತಗಡನ್ನು ಎತ್ತಿ ಬಾಯಿಯ ಹತ್ತಿರ ತಂದು ಹಾ ಎಂದ. ಆವಿ ಕೂತದ್ದೇ ಹೋಯಿತು. ಅಷ್ಟೂ ಹೊತ್ತು ತಾನು ಹೇಳಿದ್ದನ್ನು ಒಂದು ಉಸಿರಿನಲ್ಲಿ ತೋರಿಸಿದನೆಂದು ಧಾತ್ರಿಗೆ ಬಹಳ ಖುಷಿಯಾಯಿತು. ಇನ್ನೊಂದು ಸಲ ಮಾಡಿಸಿ ಫೋಟೋ ತೆಗೆದಳು.

ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಚಕ್ರದ ಮುಂದೆಯೇ ಮತ್ತೊಂದು ಫೋಟೋ ತೆಗೆದರು. ಅದನ್ನು ದೊಡ್ಡದು ಮಾಡಿ ಕಂಪೆನಿಯ ಬಾಗಿಲಲ್ಲೇ ತೂಗುಹಾಕಿದರು. ನೀಲಿ ಕೋಟು ಹಾಕಿದ ಸುಭಾಷ, ಗಲ್ಲದ ಕೆಳಗೆ ಮಾಸ್ಕು, ದುಂಡಗೆ ತೆರೆದ ಬಾಯಿ, ಬಾಯಿಯ ಮುಂದೆ ವಜ್ರದ ಬಿಲ್ಲೆ. ಹೊರಗಿನಿಂದ ಯಾರೇ ಬಂದರೂ ಧಾತ್ರಿ ಮೊದಲು ಆ ಫೋಟೋ ತೋರಿಸಿ, ಆಮೇಲೆ ಮನುಷ್ಯನನ್ನೇ ತೋರಿಸುತ್ತಿದ್ದಳು. ಶೀಲಾವತಿ ಒಂದು ಸಲ ಬಂದು ನೋಡಿ, ಬಾಯಿ ಮುಚ್ಚಿಕೊಂಡು ತೆಗೆಸಿಕೊಳ್ಳಬಾರದಿತ್ತಾ ಎಂದಳು.

ಹಳೆಯ ಘಂಟಿಯಲ್ಲಿ ಉಕ್ಕಿನ ಚಕ್ರಕ್ಕೆ ಎಣ್ಣೆ ಮತ್ತು ವಜ್ರದ ಪುಡಿ ಸವರುತ್ತಿದ್ದರು. ಈ ತಗಡುಗಳಿಗೆ ಅದು ಸಾಲದು. ಇಲ್ಲಿಯ ಚಕ್ರವೇ ಬೇರೆ, ವಜ್ರದ ಪುಡಿಯನ್ನು ಕೋಬಾಲ್ಟ್ ಎಂಬ ಲೋಹದಲ್ಲಿ ಕಲಸಿ ಬೇಯಿಸಿದ್ದು. ಎಣ್ಣೆ ಬೇಡ, ಒಣಗಿಯೇ ತಿರುಗುತ್ತದೆ, ಬೇಗ ತಿನ್ನುತ್ತದೆ, ತಿನ್ನುತ್ತ ತಾನೂ ಸವೆಯುತ್ತದೆ. ಧೂಳು ಎಳೆದುಕೊಳ್ಳಲು ಪ್ರತಿ ಚಕ್ರದ ಬದಿಯಲ್ಲಿ ಒಂದು ಕೊಳವೆ ಇತ್ತು. ಎಲ್ಲರಿಗೂ ಎರಡು ಕಿವಿಯ ಹಾಗೆ ಗುಂಡು ಡಬ್ಬಿಗಳಿದ್ದ ಮಾಸ್ಕು ಕೊಟ್ಟಿದ್ದರು. ಧಾತ್ರಿ ಈ ವಿಷಯದಲ್ಲಿ ಬಿಗಿ, ಮಾಸ್ಕು ಹಾಕದವರನ್ನು ಒಳಗೆ ಬಿಡುತ್ತಿರಲಿಲ್ಲ. ಸುಭಾಷನೂ ದಿನವಿಡೀ ಹಾಕಿಕೊಂಡೇ ಇರುತ್ತಿದ್ದ. ಊದುವಾಗ ಕೆಳಗೆ ಸರಿಸುತ್ತಿದ್ದ, ಊದಿ ಮತ್ತೆ ಮೇಲೆ ಏರಿಸುತ್ತಿದ್ದ. ಅದನ್ನು ಅವನು ತೆಗೆದದ್ದೆಂದು ಎಣಿಸಿರಲೇ ಇಲ್ಲ, ಬೇರೆ ಯಾರೂ ಎಣಿಸಿರಲಿಲ್ಲ.

ಮಗಳನ್ನು ಅಲ್ಲಿಗೆ ಕರೆತಂದವನು ಅವನೇ. ಯಕ್ಷಿತಾ ಬಿ.ಕಾಂ. ಮುಗಿಸಿ ಬೊರಿವಲಿಯ ಮಾಲ್‌ನಲ್ಲಿ ಬಿಲ್ ಹಾಕುತ್ತಿದ್ದಳು, ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು, ಕೂತರೆ ದಂಡ. ಇಲ್ಲಿ ಕೂತು ಮಾಡುವ ಕೆಲಸ, ಮರ್ಯಾದೆಯ ಕೆಲಸ, ನಾಳೆಯ ಕೆಲಸ ಎಂದು ಅವನೇ ಧಾತ್ರಿಯ ಹತ್ತಿರ ಮಾತಾಡಿದ. ಅವಳ ಕೈ ಬಹಳ ಬೇಗ ಕುದುರಿತು. ಹಿಡಿದ ತಗಡಿನ ಯಾವ ದಿಕ್ಕಿಗೆ ಉಜ್ಜಿದರೆ ತಿನ್ನುತ್ತದೆ, ಯಾವ ದಿಕ್ಕಿಗೆ ಹಟ ಹಿಡಿಯುತ್ತದೆ ಎಂಬುದನ್ನು ಚಕ್ರದ ಸದ್ದಿನಿಂದಲೇ ಹಿಡಿಯುತ್ತಿದ್ದಳು. ಊದುವುದನ್ನು ಮಾತ್ರ ಅವನು ಪಕ್ಕದಲ್ಲಿ ಕೂತು ಕಲಿಸಿದ. ಹೊಟ್ಟೆಯಿಂದ ಬರಬೇಕು, ತುಟಿಯಿಂದಲ್ಲ ಎಂದ. ಊದಿದ ಮೇಲೆ ಎದೆ ತುಂಬ ಉಸಿರು ತೆಗೆದುಕೋ, ಕೈ ನಡುಗುವುದಿಲ್ಲ ಎಂದ.

ಕೆಮ್ಮು ಬಂದಾಗ ಅದು ಮಳೆಗಾಲದ ಕೆಮ್ಮೇ ಎಂದು ಎಲ್ಲರೂ ಒಪ್ಪಿದರು. ಶೀಲಾವತಿ ಕಾಳುಮೆಣಸಿನ ಕಷಾಯ ಕುಡಿಸಿದಳು. ಗಂಡನಿಗೆ ಬಂದದ್ದು ಕೆಮ್ಮಲ್ಲ ಎಂದು ಅವಳಿಗೆ ಮೊದಲು ಅನಿಸಿದ್ದು ಶನಿವಾರದ ಭಜನೆಯಲ್ಲಿ. ಮಂದಿರದಲ್ಲಿ ಮೇಲಿನ ಸ್ವರ ಎತ್ತುವವನು ಯಾವಾಗಲೂ ಸುಭಾಷನೇ. ಆ ದಿನ ಅವನು ತಾಳ ಹಾಕುತ್ತ ಬರೇ ತುಟಿ ಆಡಿಸುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ ಅವಳು ಏನೂ ಕೇಳದೆ ತನ್ನ ನಡಿಗೆಯನ್ನು ನಿಧಾನ ಮಾಡಿದಳು, ಅವನಿಗೆ ಅದು ಗೊತ್ತಾಗಿ ಸಿಟ್ಟು ಬಂತು.

ಗಣಪತಿ ಹಬ್ಬಕ್ಕೆ ಮೊದಲು ಅವನು ಯಾರಿಗೂ ಹೇಳದೆ ಬೊರಿವಲಿಯ ಆಸ್ಪತ್ರೆಗೆ ಹೋದ. ಸ್ಕ್ಯಾನ್ ನೋಡಿದ ಡಾಕ್ಟರು ವಯಸ್ಸಾದ ಮರಾಠಿ ಮನುಷ್ಯ, ಸಮಾಧಾನದಿಂದ ಕೇಳುತ್ತ ಹೋದರು. ಏನು ಕೆಲಸ, ಎಂಥ ಚಕ್ರ, ಎಷ್ಟು ಸಮಯದಿಂದ. ಆಮೇಲೆ ಹೇಳಿದರು. ಚಕ್ರದ ಲೋಹದ ಧೂಳು ಶ್ವಾಸಕೋಶವನ್ನು ಗಟ್ಟಿ ಮಾಡುತ್ತಿದೆ. ಗಟ್ಟಿಯಾದದ್ದು ಮೆತ್ತಗಾಗುವುದಿಲ್ಲ. ಇವತ್ತೇ ಆ ಕೋಣೆ ಬಿಟ್ಟರೆ ಉಳಿದದ್ದು ಉಳಿದೀತು. ಕೆಲವರಿಗೆ ಇಪ್ಪತ್ತು ವರ್ಷವಾದರೂ ಏನೂ ಆಗುವುದಿಲ್ಲ, ಕೆಲವರಿಗೆ ಒಂದು ವರ್ಷ ಸಾಕು, ಅದು ಮೈಯ ಗುಣ, ಒಂದೇ ರಕ್ತದವರಿಗೆ ಒಂದೇ ಥರ ಇರಲೂಬಹುದು. ಆ ಕೋಣೆಯಲ್ಲಿ ಬೇರೆ ಯಾರಿದ್ದಾರೆ ಎಂದು ಅವರು ಕೇಳಿದರು. ಮಗಳಿದ್ದಾಳೆ, ಆದರೆ ಅವಳು ಮಾಸ್ಕು ಹಾಕುತ್ತಾಳೆ ಎಂದು ಸುಭಾಷ ಹೇಳಿದ.

"ನೀವೂ ಹಾಕುತ್ತಿದ್ದಿರಿ ಅಲ್ಲವಾ," ಎಂದರು ಡಾಕ್ಟರು. "ಅವಳನ್ನು ನಾಳೆಯೇ ಕರೆದುಕೊಂಡು ಬನ್ನಿ."

ಅವನು ಕರೆದುಕೊಂಡು ಹೋಗಲಿಲ್ಲ. ಇದನ್ನು ಸುಲಭವಾಗಿ ಬೈದು ಮುಗಿಸಬಹುದು, ನನಗೂ ಬೈಯಬೇಕೆನಿಸುತ್ತದೆ. ಆದರೆ ಅವನ ಲೆಕ್ಕಾಚಾರವನ್ನೂ ಕೇಳಬೇಕು. ಆ ಹೊತ್ತಿಗೆ ಕಂಪೆನಿಯಲ್ಲಿ ಒಂದು ದೊಡ್ಡ ತಗಡು ಬೆಳೆದಿತ್ತು, ಬೆಂಕಿಪೆಟ್ಟಿಗೆಯ ಅರ್ಧದಷ್ಟು. ಅಷ್ಟು ದೊಡ್ಡದನ್ನು ಅಲ್ಲಿ ಹಿಂದೆ ಯಾರೂ ಬೆಳೆಸಿರಲಿಲ್ಲ. ಒಂದು ಮುಖ ಸುಭಾಷನ ಪಾಲಿಗೆ, ಇನ್ನೊಂದು ಯಕ್ಷಿತಾಳ ಪಾಲಿಗೆ. ಇದು ಪರೀಕ್ಷೆಯಲ್ಲಿ ಗೆದ್ದರೆ ಯಕ್ಷಿತಾಳನ್ನು ಕಾಯಂ ಮಾಡಿ ಮೇಲಿನ ಮಹಡಿಗೆ, ಅಳತೆ ನೋಡುವ ಮೇಜಿಗೆ ಕಳಿಸುತ್ತೇನೆ ಎಂದು ಧಾತ್ರಿ ಮಾತು ಕೊಟ್ಟಿದ್ದಳು. ಮೇಲಿನ ಮಹಡಿಯಲ್ಲಿ ಧೂಳಿಲ್ಲ. ತಾನೀಗ ಬಾಯಿಬಿಟ್ಟರೆ ವಿಭಾಗವೇ ಮುಚ್ಚುತ್ತದೆ, ಮಗಳು ಮತ್ತೆ ಬಿಲ್ಲಿನ ಕೌಂಟರಿಗೆ. ಬಾಯಿಮುಚ್ಚಿಕೊಂಡಿದ್ದರೆ ದಸರಾದೊಳಗೆ ತಗಡು ಮುಗಿಯುತ್ತದೆ, ಅವಳು ತಾನಾಗಿ ಮೇಲೆ ಹೋಗುತ್ತಾಳೆ, ತಾನು ಕೆಲಸ ಬಿಡುತ್ತೇನೆ, ಯಾರಿಗೂ ಏನೂ ತಿಳಿಯಬೇಕಾಗಿಲ್ಲ. ತನ್ನದು ಹೇಗೂ ಹಳೆಯ ಘಂಟಿಯ ಧೂಳೂ ಸೇರಿದ ಎದೆ, ಅವಳದು ಎಳೆಯದು, ಏನಾಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಶೀಲಾವತಿಗೆ ಕಫ ಗಟ್ಟಿಯಾಗಿದೆ ಎಂದಷ್ಟೇ ಹೇಳಿದ.

ಗಣಪತಿ ಬಂದು ಹೋಯಿತು. ಪಿತೃಪಕ್ಷ ಕಳೆಯಿತು. ತಗಡು ದಿನದಿಂದ ದಿನಕ್ಕೆ ಬೆಳ್ಳಗೆ ತಿಳಿಯಾಗುತ್ತ ಬಂತು. ದೊಡ್ಡ ತಗಡು ಒಬ್ಬರ ಹತ್ತಿರವಿದ್ದಾಗ ಇನ್ನೊಬ್ಬರು ಸಣ್ಣವನ್ನು ಹಿಡಿದು, ತಂದೆ ಮಗಳು ಬೆನ್ನಿಗೆ ಬೆನ್ನು ಹಾಕಿ ಎರಡು ಚಕ್ರದ ಮುಂದೆ ಕೂರುತ್ತಿದ್ದರು. ಆದ್ದರಿಂದ ಅವಳು ಕೆಲಸ ಮಾಡುವುದನ್ನು ಅವನು ಕೇಳುತ್ತಿದ್ದನೇ ಹೊರತು ನೋಡುತ್ತಿರಲಿಲ್ಲ. ಅವಳ ಚಕ್ರ ತಪ್ಪದೆ ಹಾಡುತ್ತಿತ್ತು. ಸೇತುವೆಯ ಮೇಲೆ ಅವನು ಮೊಬೈಲ್ ನೋಡುವ ಹೊತ್ತು ಉದ್ದವಾಯಿತು, ಅವಳು ಕಾಯುವ ಹೊತ್ತೂ ಉದ್ದವಾಯಿತು.

ದಸರಾಕ್ಕೆ ಮೊದಲು ತಗಡು ಪರೀಕ್ಷೆಗೆ ಹೋಯಿತು, ದಸರಾ ಕಳೆದು ಸುದ್ದಿ ಬಂತು. ಬೇರೆ ಹಾಸಿನ ಮೇಲಿನ ಸಿಲಿಕಾನ್ ಬಿಲ್ಲೆಗಳು ಬಿಸಿಗೆ ಸತ್ತ ಕಡೆಯಲ್ಲಿ, ಇವರ ವಜ್ರದ ಮೇಲೆ ಕೂತ ಬಿಲ್ಲೆ ಏನೂ ಆಗದ ಹಾಗೆ ಓಡುತ್ತಲೇ ಇತ್ತಂತೆ. ಧಾತ್ರಿ ಪೇಡಾ ತರಿಸಿದಳು. ಹಣ ಹಾಕಿದವರು ನಾಲ್ಕೈದು ಜನ ಸೂಟು ಹಾಕಿಕೊಂಡು ನೋಡಲು ಬಂದರು, ಬಾಗಿಲಿನ ಫೋಟೋ ನೋಡಿದರು, ಇದನ್ನು ಕಣ್ಣಾರೆ ಕಾಣಬೇಕು ಎಂದರು. ಅವರಿಗೂ ಮಾಸ್ಕು ಕೊಟ್ಟು ಒಳಗೆ ಕರೆತಂದರು. ಚಕ್ರಗಳು ತಿರುಗುತ್ತಲೇ ಇದ್ದವು, ಇನ್ನೊಂದು ಅಂಥದೇ ತಗಡಿನ ಕೆಲಸ ಆಗಲೇ ಶುರುವಾಗಿತ್ತು. ಹೊಸ ವರ್ಷದವರೆಗೆ ನೀನು ಇಲ್ಲೇ ಇರಬೇಕಾಗುತ್ತದೆ ಎಂದು ಯಕ್ಷಿತಾಳಿಗೆ ಧಾತ್ರಿ ಬೆಳಿಗ್ಗೆಯಷ್ಟೇ ಹೇಳಿದ್ದಳು. ಅವಳು ಸಂತೋಷದಿಂದ ಒಪ್ಪಿದ್ದಳು.

"ಬಂಗೇರ್ರೇ, ಒಂದು ಸಲ ತೋರಿಸಿಬಿಡಿ," ಎಂದಳು ಧಾತ್ರಿ.

ಸುಭಾಷ ಮಾಸ್ಕು ಸರಿಸಿ ತಗಡನ್ನು ಬಾಯಿಯ ಮುಂದೆ ಹಿಡಿದ. ಹಾ ಎಂದ. ತಗಡಿನ ಮೇಲೆ ಏನೂ ಕೂರಲಿಲ್ಲ. ಆವಿ ಹೋಗಬೇಕಾದರೆ ಮೊದಲು ಬರಬೇಕು, ಅವನ ಉಸಿರಿನಲ್ಲಿ ಅಷ್ಟು ಬಲ ಉಳಿದಿರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ, ಕೆಮ್ಮು ನುಗ್ಗಿ ಬಂದು ಬಾಗಿಬಿಟ್ಟ. ಸೂಟಿನವರು ಒಂದು ಹೆಜ್ಜೆ ಹಿಂದೆ ಸರಿದರು. ಪಪ್ಪನಿಗೆ ಕಫ, ನಾನು ತೋರಿಸುತ್ತೇನೆ ಎಂದು ಹಿಂದಿಯಲ್ಲಿ ಹೇಳುತ್ತ ಯಕ್ಷಿತಾ ಎದ್ದು ಬಂದಳು.

ಅವಳು ಹೆಬ್ಬೆರಳಿನಿಂದ ಮಾಸ್ಕನ್ನು ಗಲ್ಲದ ಕೆಳಗೆ ಜಾರಿಸಿದಳು. ಹೊಟ್ಟೆಯಿಂದ ಊದಿದಳು. ಆವಿ ಚಂದಕ್ಕೆ ಕೂತು ಕ್ಷಣದಲ್ಲಿ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ನಗುತ್ತ ನಿಂತು, ಒಣಗಿ ತಿರುಗುವ ಚಕ್ರದ ಬಳಿಯಲ್ಲೇ ಎದೆ ತುಂಬ ಉಸಿರು ಎಳೆದುಕೊಂಡಳು, ನಿಧಾನಕ್ಕೆ, ಕೈ ನಡುಗದ ಹಾಗೆ, ಅವನು ಕಲಿಸಿದ ಹಾಗೆಯೇ. ಆಮೇಲೆ ಮಾಸ್ಕು ಏರಿಸಿದಳು.

ಮಾಸ್ಕು ಹಾಕಿಯೂ ತನಗೆ ಹೇಗೆ ಹೀಗಾಯಿತು ಎಂಬ ಪ್ರಶ್ನೆಗೆ ಉತ್ತರ ಸುಭಾಷನ ಕಣ್ಣೆದುರಿಗೇ ನಿಂತಿತ್ತು. ದಿನದಲ್ಲಿ ಎಷ್ಟು ಸಲ ಹೀಗೆ ಮಾಡುತ್ತಿರಬಹುದು ಎಂದು ಲೆಕ್ಕ ಹಾಕಲು ಹೋದ, ಆಗಲಿಲ್ಲ. ತಾನು ಮಾಡಿದ್ದನ್ನು ಎಂದಾದರೂ ಎಣಿಸಿದ್ದರೆ ತಾನೇ. ಡಾಕ್ಟರು ನಾಳೆಯೇ ಎಂದಿದ್ದರು. ಆ ನಾಳೆಯಿಂದ ಇವತ್ತಿನವರೆಗೆ ಅವಳು ಎಳೆದುಕೊಂಡ ಒಂದೊಂದು ಉಸಿರೂ ಅವನ ಎದೆಗೆ ಬಂದು ಬಡಿಯಿತು. ಅವನು ಹೋಗಿ ಅವಳ ಕೈಯಿಂದ ತಗಡು ಕಸಿದುಕೊಂಡು, ಇನ್ನು ಊದಬೇಡ ಎಂದ. ನೀವೇ ಕಲಿಸಿದ್ದಲ್ಲವಾ ಎಂದು ಅವಳು ನಕ್ಕಳು.

ಬಂದವರು ಹೋದ ಮೇಲೆ ಅವನು ಧಾತ್ರಿಯನ್ನು ಬಾಗಿಲ ಬಳಿ ಹಿಡಿದು ನಿಲ್ಲಿಸಿದ.

"ಮೇಡಮ್, ಚಕ್ರ ನಿಲ್ಲಿಸಿ. ನನ್ನ ಎದೆಯಲ್ಲಿ ಧೂಳು ಕೂತು ಕಲ್ಲಾಗಿದೆ. ಮಗಳು ಒಳಗೆ ಅದನ್ನೇ ಕುಡೀತಾ ಇದ್ದಾಳೆ."

ಧಾತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ಕೊಳವೆಗಳಿವೆ, ಮಾಸ್ಕು ಅತ್ಯುತ್ತಮದ್ದು, ಗಾಳಿಯನ್ನು ಪ್ರತಿ ತಿಂಗಳೂ ಅಳೆಸುತ್ತೇನೆ, ಹೇಗೆ ಸಾಧ್ಯ ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುಭಾಷ ಗೋಡೆಯ ಫೋಟೋದ ಕಡೆ ಕೈ ತೋರಿಸಿದ.

"ಅದರಲ್ಲಿ ಮಾಸ್ಕ್ ಎಲ್ಲಿ ಉಂಟು, ನೀವೇ ನೋಡಿ."

ಧಾತ್ರಿ ನೋಡಿದಳು. ದಿನಾ ಬೆಳಿಗ್ಗೆ ಅದರ ಮುಂದೆಯೇ ಹಾದುಹೋಗುತ್ತಿದ್ದವಳು ಆ ದಿನ ಬಹಳ ಹೊತ್ತು ನಿಂತು ನೋಡಿದಳು. ನಿಮಗೆ ಯಾವಾಗ ಗೊತ್ತಾಯ್ತು ಎಂದು ಕೇಳಿದಳು. ಈಗ ಎಂದು ಸುಭಾಷ ಹೇಳಿದ. ಅವಳು ಒಳಗೆ ಹೋಗಿ ತಾನೇ ಮೇನ್ ಸ್ವಿಚ್ಚು ಎಳೆದಳು. ಚಕ್ರಗಳು ಒಂದೊಂದಾಗಿ ಸದ್ದಿಳಿದು ನಿಂತವು, ಕರೆಂಟು ಹೋಯಿತೆಂದು ಯಕ್ಷಿತಾ ಮಾಸ್ಕು ಇಳಿಸಿ ತಿರುಗಿ ನೋಡಿದಳು. ಮರುದಿನ ಬಾಗಿಲ ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು.

ಶೀಲಾವತಿಗೆ ಅವನು ಎಲ್ಲವನ್ನೂ ಹೇಳಿದ. ಗಣಪತಿಗೆ ಮೊದಲೇ ಗೊತ್ತಿತ್ತೆಂಬುದನ್ನೂ ಹೇಳಿದ, ಅವಳ ಮುಂದೆ ಸುಳ್ಳು ಅವನಿಗೆ ಹೊಂದುತ್ತಿರಲಿಲ್ಲ. ಅವಳು ಕಿರುಚಿದ್ದರೆ, ಅತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, ಮಗಳನ್ನು ಯಾವಾಗ ತೋರಿಸುತ್ತೀರಿ ಎಂದಷ್ಟೇ ಕೇಳಿದಳು. ಆಮೇಲೆ ಅವನ ಜತೆ ಮಾತು ಬಿಟ್ಟಳು. ಊಟ ಬಡಿಸುವಳು, ಕಷಾಯ ಇಡುವಳು, ಮುಖ ನೋಡುತ್ತಿರಲಿಲ್ಲ.

ಬೊರಿವಲಿಯ ಅದೇ ಆಸ್ಪತ್ರೆಗೆ ಕಂಪೆನಿಯೇ ಎಲ್ಲರನ್ನೂ ಕಳಿಸಿತು. ಯಕ್ಷಿತಾಳ ಸರದಿ ಬಂದಾಗ ಸುಭಾಷ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಉಸಿರು ಅಳೆಯುವ ಯಂತ್ರದ ಕೊಳವೆಗೆ ಅವಳು ಊದಬೇಕಿತ್ತು. ಒಳಗಿದ್ದ ಹೆಂಗಸಿನ ಧ್ವನಿ ಪರದೆ ದಾಟಿ ಬರುತ್ತಿತ್ತು.

"ಔರ್ ಫೂಂಕೋ ಬೇಟಾ, ಔರ್, ಔರ್. ಪೇಟ್ ಸೇ."

ಇನ್ನೂ ಊದು, ಹೊಟ್ಟೆಯಿಂದ ಊದು ಎನ್ನುತ್ತಿದ್ದರು, ಅವನು ಕಲಿಸಿದ್ದೂ ಅದನ್ನೇ. ಅದನ್ನು ಮತ್ತೆ ಮತ್ತೆ ಮಾಡಿಸಿದರು. ಯಾಕೆ ಅಷ್ಟು ಸಲ ಮಾಡಿಸುತ್ತಾರೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೊರಗೆ ಬಂದ ಯಕ್ಷಿತಾ ದುಪಟ್ಟಾದಿಂದ ಮುಖ ಒರೆಸಿಕೊಂಡು, ನನಗೇನೂ ಆಗಿಲ್ಲ, ಸುಮ್ಮನೆ ಟೆನ್ಶನ್ ಮಾಡ್ಕೋಬೇಡಿ ಎಂದಳು. ರಿಪೋರ್ಟ್ ಬರಲು ಎರಡು ದಿನವಿತ್ತು.

ನಡುಮಧ್ಯಾಹ್ನದ ಲೋಕಲ್ ಖಾಲಿಯಿತ್ತು. ಅವಳು ಆ ದಿನ ಹೆಂಗಸರ ಡಬ್ಬಿಗೆ ಹೋಗದೆ ಅವನ ಪಕ್ಕದಲ್ಲೇ ಕೂತಳು. ಬೊರಿವಲಿ ಬಿಟ್ಟರೆ ಮುಂದಿನದೇ ದಹಿಸರ್. ಗಾಡಿ ಹೊರಟಿತು, ಕಾಲ ಕೆಳಗಿನ ಪೆಟ್ಟಿಗೆಗಳು ಗುಂಯ್‌ಗುಟ್ಟಿದವು. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. ಮನೆಮಾತು ತುಳುವಾದರೂ ಅವಳ ಬಾಯಲ್ಲಿ ಎಲ್ಲ ಭಾಷೆಯೂ ಸೇರಿಕೊಂಡೇ ಬರುತ್ತಿತ್ತು.

"ಪಪ್ಪ, ಮಮ್ಮಿ ನಿಮ್ಮ ಹತ್ರ ಯಾಕೆ ಮಾತಾಡ್ತಾ ಇಲ್ಲ? ನಿಮಗೆ ಕಬ್ ಸೇ ಗೊತ್ತಿತ್ತು? ಸಚ್ ಹೇಳಿ."

ಧಾತ್ರಿಗೆ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಈಗ ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು, ನಂಬಬೇಕೆಂದೇ ಅವಳ ಮನಸ್ಸಿನಲ್ಲಿತ್ತು. ಸುಭಾಷ ಅವಳ ಕೈಯನ್ನು ನೋಡಿದ. ಬೆರಳ ಸಂದುಗಳಲ್ಲಿ ಚಕ್ರದ ಬೂದುಬಣ್ಣ ಇನ್ನೂ ಹೋಗಿರಲಿಲ್ಲ.

"ಗಣಪತಿಗೆ ಮೊದಲೇ ಗೊತ್ತಿತ್ತು ಮಗಾ. ನಿನ್ನನ್ನು ಕರಕೊಂಡು ಬಾ ಅಂತ ಡಾಕ್ಟರು ಹೇಳಿದ್ದರು. ನೀನು ಮೇಲಿನ ಮಹಡಿಗೆ ಹೋಗಲಿ ಅಂತ ಕಾದೆ."

ಗಾಡಿ ನದಿಯ ಸಣ್ಣ ಸೇತುವೆ ದಾಟಿತು. ದಹಿಸರಿನಲ್ಲಿ ಅದು ಪೂರ್ತಿ ನಿಲ್ಲುವ ಮೊದಲೇ ಅವಳು ಎದ್ದು ಬಾಗಿಲಿಗೆ ಹೋದಳು, ಇಳಿದಳು, ಹಿಂದೆ ನೋಡದೆ ನಡೆದಳು. ಅವನೂ ಇಳಿದು ಹಿಂದೆಯೇ ಹೋದ. ಸೇತುವೆಯ ಮೆಟ್ಟಿಲನ್ನು ಅವಳು ಸಿಟ್ಟಿನಲ್ಲಿ ದಡದಡನೆ ಹತ್ತತೊಡಗಿದಳು. ಬೈಯಲಿ, ಮಾತು ಬಿಡಲಿ, ಅಮ್ಮನ ಹಾಗೆ ಮುಖ ತಿರುಗಿಸಿಕೊಂಡೇ ಇರಲಿ, ಹೀಗೆಯೇ ಕೊನೆಯವರೆಗೆ ಹತ್ತಿಹೋಗಲಿ ಎಂದು ಅವನು ಕೆಳಗೆ ನಿಂತು ತಲೆಯೆತ್ತಿ ನೋಡಿದ. ಇಷ್ಟು ದಿನದಲ್ಲಿ ಒಂದು ದಿನವೂ ತಾನು ಅವಳು ಹತ್ತುವುದನ್ನು ನೋಡಿಲ್ಲ, ಮೊಬೈಲ್ ಕಡೆಗೇ ನೋಡುತ್ತಿದ್ದೆ ಎಂಬುದು ಆಗ ಅವನಿಗೆ ಹೊಳೆಯಿತು.

ಅರ್ಧ ಹತ್ತಿದ ಯಕ್ಷಿತಾ ನಿಂತಳು. ಒಂದು ಕೈಯಿಂದ ಕಂಬಿ ಹಿಡಿದಳು. ಜನ ಅವಳ ಎರಡೂ ಬದಿಯಿಂದ ಬಳಸಿಕೊಂಡು ಹೋದರು. ಅವಳು ಇನ್ನೊಂದು ಕೈಯಿಂದ ಪರ್ಸಿನೊಳಗಿನ ಮೊಬೈಲ್ ತೆಗೆದು ಮುಖದ ಮುಂದೆ ಹಿಡಿದುಕೊಂಡಳು. ಅದರ ಪರದೆಯಲ್ಲಿ ಬೆಳಕು ಇರಲಿಲ್ಲ.